ಓಣಿಯ ಪ್ರಚಾರ ಮೊಬೈಲ್ ಸೇರಿದ್ದು ಹೇಗೆ?

ಎಲೆಕ್ಷನ್ ಬಂತೆಂದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಫೋನುಗಳೆಲ್ಲ ತುಂಬಿ ಹೋಗುತ್ತವೆ. ಹಾಡು, ರೀಲ್ಸ್, ವಾಯ್ಸ್ ಮೆಸೇಜ್, ಯಾರದೋ ಹಳೇ ಭಾಷಣದ ತುಣುಕು, ಎಲ್ಲಿಂದ ಬಂತೋ ಗೊತ್ತಿಲ್ಲದ ಒಂದು ಸಮೀಕ್ಷೆ. ಇದರಲ್ಲಿ ಪಕ್ಷದ್ದು ಯಾವುದು, ಅಭಿಮಾನಿಗಳು ಮಾಡಿದ್ದು ಯಾವುದು, ದುಡ್ಡು ಕೊಟ್ಟು ಮಾಡಿಸಿದ್ದು ಯಾವುದು, ಪೂರಾ ಸುಳ್ಳು ಯಾವುದು ಎಂದು ಬಿಡಿಸುವುದೇ ಕಷ್ಟ. ದೂರು ಕೊಡೋಣವೆಂದರೆ ಯಾರ ಮೇಲೆ ಕೊಡಬೇಕು ಎಂದು ತಿಳಿಯುವುದಿಲ್ಲ. ಈ ಗೋಜಲು ಒಂದು ಚುನಾವಣೆಯಲ್ಲಿ ಹುಟ್ಟಿದ್ದಲ್ಲ. ಹಿಂದಿನಿಂದ ನೋಡಿಕೊಂಡು ಬಂದರೆ ಎಲ್ಲಿ ಏನು ಕೈತಪ್ಪಿತು ಎಂಬುದು ಸ್ವಲ್ಪ ಕಾಣುತ್ತದೆ.

1952ರ ಮೊದಲ ಚುನಾವಣೆ ಹೊತ್ತಿಗೆ ಬಳ್ಳಾರಿ ಮದ್ರಾಸ್ ರಾಜ್ಯದಲ್ಲಿತ್ತು, ರಾಯಚೂರು ಮತ್ತು ಕೊಪ್ಪಳ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಂದ ಎಂಬತ್ತರ ದಶಕ ಮುಗಿಯುವ ತನಕ ಪ್ರಚಾರ ಎಂದರೆ ಕರಪತ್ರ, ಗೋಡೆ ಬರಹ, ಜೀಪಿಗೆ ಕಟ್ಟಿದ ಮೈಕು, ಸಂತೆ ದಿನದ ಭಾಷಣ. ಟಿ.ಎನ್. ಶೇಷನ್ 1990ರ ಕೊನೆಯಲ್ಲಿ ಮುಖ್ಯ ಚುನಾವಣಾ ಆಯುಕ್ತರಾದ ಮೇಲೆ ನಿಯಮ ಬಿಗಿಯಾಯಿತು. ಗೋಡೆ ಬರಹದ ಭರಾಟೆ ತಗ್ಗಿತು.

ಆ ಕಾಲದ ದೊಡ್ಡ ಚುನಾವಣೆ ಎಂದರೆ ಈ ಭಾಗದವರಿಗೆ 1999ರ ಬಳ್ಳಾರಿಯೇ ನೆನಪಾಗುವುದು. ಸೋನಿಯಾ ಗಾಂಧಿ ಮತ್ತು ಸುಷ್ಮಾ ಸ್ವರಾಜ್ ಎದುರುಬದುರು ನಿಂತಿದ್ದರು. ಸುಷ್ಮಾ ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಕನ್ನಡದಲ್ಲೇ ಭಾಷಣ ಮಾಡಿದರು. ಗೆದ್ದದ್ದು ಸೋನಿಯಾ, ಸುಮಾರು 56 ಸಾವಿರ ಮತಗಳಿಂದ. ಇಡೀ ದೇಶದ ಕಣ್ಣು ಅಲ್ಲಿತ್ತು. ಆದರೂ ಪ್ರಚಾರ ನಡೆದದ್ದು ಬಯಲಿನಲ್ಲಿ. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಸಂಜೆಯೊಳಗೆ ಬೀಳುತ್ತಿತ್ತು, ಮಾರನೇ ದಿನದ ಸಭೆಯಲ್ಲಿ ಅದಕ್ಕೆ ಉತ್ತರ ಬರುತ್ತಿತ್ತು. ಇದನ್ನು ನಾವು ಆಗ ದೊಡ್ಡ ವಿಷಯ ಅಂದುಕೊಂಡಿರಲಿಲ್ಲ.

ಕರಪತ್ರಕ್ಕೂ ಒಂದು ಕಟ್ಟುಪಾಡಿತ್ತು, ಈಗಲೂ ಇದೆ. ಪ್ರಜಾಪ್ರಾತಿನಿಧ್ಯ ಕಾಯ್ದೆ 1951ರ 127ಎ ಕಲಂ ಪ್ರಕಾರ ಚುನಾವಣೆಯ ಕರಪತ್ರ ಅಥವಾ ಪೋಸ್ಟರ್ ಮೇಲೆ ಮುದ್ರಕರು ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು ಅಥವಾ 2,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುದ್ರಿಸಿದ ಪ್ರೆಸ್‌ನವರು ಅದರ ಪ್ರತಿಯನ್ನು ಅಧಿಕಾರಿಗಳಿಗೆ ಕಳಿಸಬೇಕು. ಯಾರೋ ಕೆಟ್ಟದಾಗಿ ಬರೆದು ಹಂಚಿದರೆ ಕಾಗದದ ಕೆಳಗಿನ ಸಣ್ಣಕ್ಷರ ನೋಡಿದರೆ ಸಾಕು, ಪೊಲೀಸರು ನೇರ ಪ್ರೆಸ್ ಬಾಗಿಲಿಗೆ ಹೋಗಬಹುದು. ಹಾಗಾಗಿಯೇ ಗಂಗಾವತಿಯ ಪ್ರೆಸ್ಸಾಗಲಿ ರಾಯಚೂರಿನ ಪ್ರೆಸ್ಸಾಗಲಿ ಮುದ್ರಿಸುವ ಮೊದಲು ಮ್ಯಾಟರ್ ಓದಿ ನೋಡುವುದು. ಮುಂದಿನ ಕಥೆಗೆ ಈ ಸಣ್ಣಕ್ಷರದ ಸಾಲು ಬಹಳ ಮುಖ್ಯ.

2000ದ ನಂತರ ಟಿ.ವಿ. ನ್ಯೂಸ್ ಚಾನೆಲ್‌ಗಳು ಬಂದವು, ಆಮೇಲೆ ಎಸ್ಸೆಮ್ಮೆಸ್ ಬಂತು. ಎಸ್ಸೆಮ್ಮೆಸ್ ಹೆಚ್ಚು ದಿನ ನಡೆಯಲಿಲ್ಲ. ಆಗಿನ ಎಷ್ಟೋ ಫೋನುಗಳಲ್ಲಿ ಕನ್ನಡ ಅಕ್ಷರವೇ ಇರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಓದುವವರು ಕಡಿಮೆ. 2011ರ ಸೆಪ್ಟೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ಒಂದು ಸಿಮ್‌ನಿಂದ ದಿನಕ್ಕೆ 100 ಎಸ್ಸೆಮ್ಮೆಸ್ ಎಂದು ಮಿತಿ ಹಾಕಿತು, ಕೆಲ ವಾರದಲ್ಲೇ ಅದನ್ನು 200ಕ್ಕೆ ಏರಿಸಿತು. 2010ರಲ್ಲಿ ಅಕ್ರಮ ಗಣಿಗಾರಿಕೆ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಸುಮಾರು 320 ಕಿ.ಮೀ. ಪಾದಯಾತ್ರೆ ನಡೆದಾಗಲೂ ಜನ ಅದನ್ನು ನೋಡಿದ್ದು ಪೇಪರ್ ಮತ್ತು ಟಿ.ವಿ.ಯಲ್ಲಿ, ಇಲ್ಲವೇ ರಸ್ತೆ ಬದಿ ನಿಂತು.

2014ರ ಲೋಕಸಭೆ ಚುನಾವಣೆಯನ್ನು ದೇಶದ ಮೊದಲ ಸೋಶಿಯಲ್ ಮೀಡಿಯಾ ಚುನಾವಣೆ ಎನ್ನುವವರಿದ್ದಾರೆ. ನಮ್ಮ ಕಡೆ ಆ ಮಾತು ಅಷ್ಟಾಗಿ ಒಪ್ಪುವುದಿಲ್ಲ. ಫೇಸ್‌ಬುಕ್ ಆಗ ಪೇಟೆಯ ಕಾಲೇಜು ಹುಡುಗರ ಜಾಗ. 2011ರ ಜನಗಣತಿ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75ರ ಮೇಲಿದ್ದರೆ ರಾಯಚೂರು ಜಿಲ್ಲೆಯದ್ದು ಶೇ 60ಕ್ಕೂ ಕಡಿಮೆ. ಬಳ್ಳಾರಿ, ಕೊಪ್ಪಳ ಶೇ 68ರ ಆಸುಪಾಸು. ಬರಹದ ಪ್ರಚಾರ ಇಲ್ಲಿ ಸುಮಾರು ಮೂರರಲ್ಲೊಂದು ಪಾಲು ಜನರನ್ನು ದಾಟಿಕೊಂಡೇ ಹೋಗುತ್ತಿತ್ತು.

ನಿಜವಾದ ಬದಲಾವಣೆ ಶುರುವಾದದ್ದು 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದ ಮೇಲೆ. ಡೇಟಾ ಅಗ್ಗವಾಯಿತು, ವಿಡಿಯೊ ಮತ್ತು ಧ್ವನಿ ಹಳ್ಳಿಗೆ ತಲುಪಿತು. ಓದಲು ಬರದವರಿಗೂ ಪ್ರಚಾರ ನೇರ ಕೈಗೆ ಬಂತು. ಪಕ್ಷಗಳು ಇದನ್ನು ಬೇಗ ಅರ್ಥ ಮಾಡಿಕೊಂಡವು. ಬೂತ್‌ಗೊಂದು ಗ್ರೂಪ್, ಗ್ರೂಪ್‌ಗೆ ಇಬ್ಬರು ಅಡ್ಮಿನ್, ಮೇಲಿಂದ ಬಂದದ್ದನ್ನು ಅವರು ಕೆಳಗೆ ಹಾಕುವುದು. ಆಗ ಒಂದು ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ 256 ಜನ ಇರಬಹುದಿತ್ತು. ಈಗ 1,024ರ ತನಕ ಸೇರಿಸಬಹುದು.

ಈ ಗ್ರೂಪ್‌ಗಳು ಹುಟ್ಟುವ ರೀತಿಯನ್ನು ಹತ್ತಿರದಿಂದ ನೋಡಬೇಕು. ಹೊಸ ಗ್ರೂಪ್ ಮಾಡಿದರೆ ಜನ ಎಕ್ಸಿಟ್ ಆಗುತ್ತಾರೆ. ಹಾಗಾಗಿ ಮೊದಲೇ ಇರುವುದನ್ನು ಹಿಡಿಯುತ್ತಾರೆ. ಗಣೇಶನ ಕೂರಿಸಲು ಮಾಡಿಕೊಂಡ ಗ್ರೂಪ್, ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ ಎಂದು ತಿಳಿಯಲು ರೈತರು ಮಾಡಿಕೊಂಡ ಗ್ರೂಪ್, ಕ್ರಿಕೆಟ್ ಟೀಮಿನ ಗ್ರೂಪ್. ಒಂದಿನ ಅದರ ಡಿಪಿ ಬದಲಾಗುತ್ತದೆ. ಆಮೇಲೆ ಒಂದು ವಾಯ್ಸ್ ಬರುತ್ತದೆ: ‘ಅಣ್ಣಾರ, ಈ ಸಲ ನಮ್ಮ ಮಂದಿನ ಕೈ ಬಿಡಬ್ಯಾಡ್ರಿ, ಎಲ್ಲಾರೂ ಸ್ಟೇಟಸ್ ಇಡ್ರಿ.’ ಹೇಳುವವನು ಊರಿನ ಹುಡುಗ, ಧ್ವನಿ ಗುರುತಿನದು. ಟಿ.ವಿ.ಯಲ್ಲಿ ಬರುವ ನಾಯಕನಿಗಿಂತ ಅವನ ಮಾತಿಗೆ ಬೆಲೆ ಜಾಸ್ತಿ. ಸ್ಟೇಟಸ್ ಇಡದವರು ಯಾರು ಎಂದೂ ಗೊತ್ತಾಗುತ್ತದೆ. ಸುಮ್ನೆ ಇದ್ದರೂ ಅದೇ ಒಂದು ಪಕ್ಷ ಅಂತ ಲೆಕ್ಕ. ಗುಟ್ಟಿನ ಮತದಾನಕ್ಕೆ ಇದರಿಂದ ಏನಾಗಿದೆ ಎಂದು ನಾವು ಗಂಭೀರವಾಗಿ ಕೇಳಿಕೊಂಡೇ ಇಲ್ಲ.

ಇನ್ನೊಂದು ವಿಷಯ, ನನ್ನ ಪ್ರಕಾರ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ದೊಡ್ಡದು. ಇಲ್ಲಿ ಒಂದೇ ತಾಲ್ಲೂಕಿನಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತಾಡುವವರಿದ್ದಾರೆ. ಸಿಂಧನೂರಿನ ಆರ್‌ಎಚ್ (ಪುನರ್ವಸತಿ) ಕ್ಯಾಂಪ್‌ಗಳಲ್ಲಿ ಬಂಗಾಳಿಯೂ ಇದೆ. ಗ್ರೂಪ್‌ಗಳು ಭಾಷೆಗೆ ತಕ್ಕಂತೆ, ಜಾತಿಗೆ ತಕ್ಕಂತೆ, ಓಣಿಗೆ ತಕ್ಕಂತೆ ಬೇರೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆಯನ್ನೇ ತಗೊಳ್ಳಿ. ಗಂಗಾವತಿ, ಕಾರಟಗಿ ಕಡೆ ಮೇಲ್ಭಾಗದ ರೈತರಿಗೆ ಎರಡು ಬೆಳೆ ಭತ್ತಕ್ಕೆ ನೀರು ಬೇಕು. ಮಾನ್ವಿ, ಸಿರವಾರ, ರಾಯಚೂರು ಕಡೆ ಕೊನೆಭಾಗದವರಿಗೆ ಒಂದು ಬೆಳೆಗಾದರೂ ನೀರು ಮುಟ್ಟಬೇಕು. ಒಬ್ಬರಿಗೆ ಜಾಸ್ತಿ ಕೊಟ್ಟರೆ ಇನ್ನೊಬ್ಬರಿಗೆ ಕಡಿಮೆ ಆಗಲೇಬೇಕು. ಬಯಲು ಸಭೆಯಲ್ಲಿ ಇಬ್ಬರಿಗೂ ‘ನಿಮಗೇ ಮೊದಲು’ ಎನ್ನಲು ಆಗುವುದಿಲ್ಲ, ಪೇಪರ್‌ನವರು ಬರೆಯುತ್ತಾರೆ. ಮುಚ್ಚಿದ ಗ್ರೂಪ್‌ಗಳಲ್ಲಿ ಇಬ್ಬರಿಗೂ ಹೇಳಬಹುದು. ಅಲ್ಲಿನದು ಇಲ್ಲಿಗೆ ಕೇಳುವುದಿಲ್ಲ. ಗೆದ್ದ ಮೇಲೆ ಯಾವ ಮಾತಿಗೆ ಉತ್ತರ ಕೇಳುವುದು?

ಸಣ್ಣ ಗ್ರೂಪ್‌ಗಳಿಗೆ ಪಕ್ಷಗಳು ಇಷ್ಟು ಬೆಲೆ ಕೊಡುವುದೇಕೆ ಎನ್ನುವುದಕ್ಕೆ ರಾಯಚೂರು ಜಿಲ್ಲೆಯ ಮಸ್ಕಿ ಕ್ಷೇತ್ರ ನೋಡಬೇಕು. 2018ರಲ್ಲಿ ಅಲ್ಲಿ ಗೆಲುವಿನ ಅಂತರ ಕೇವಲ 213 ಮತ. ಒಂದು ಗ್ರೂಪ್‌ನಲ್ಲಿ ಆಗ ಇರಬಹುದಾಗಿದ್ದ ಜನರಿಗಿಂತ ಕಡಿಮೆ. 2021ರ ಏಪ್ರಿಲ್ 17ರ ಉಪಚುನಾವಣೆಯಲ್ಲಿ ಅದೇ ಇಬ್ಬರು ಪಕ್ಷ ಅದಲುಬದಲಾಗಿ ಮತ್ತೆ ಎದುರಾದರು. ಈ ಸಲ ಅಂತರ 30 ಸಾವಿರ ದಾಟಿತು, ಹಿಂದೆ ಸೋತವರು ಗೆದ್ದರು. ಆಗ ಕೋವಿಡ್ ಎರಡನೇ ಅಲೆ ಏರುತ್ತಿತ್ತು. ಪಕ್ಷ ಬದಲಿಸಿದವರ ಹಳೇ ಮಾತು ಹುಡುಕಿ ತೆಗೆದು ಹರಿಬಿಡುವುದು ಇಂಥ ಚುನಾವಣೆಗಳಲ್ಲಿ ರೂಢಿಯ ಕೆಲಸವಾಗಿದೆ. ಆದರೆ ಮಸ್ಕಿಯ ಮಾತನ್ನು ಬರೀ ಫೋನಿನಿಂದ ಬಿಡಿಸಲು ಹೋಗಬಾರದು. ಅಲ್ಲಿ ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ರೈತರು ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂತಿದ್ದರು. ನೀರಿನ ಸಿಟ್ಟು ಮೊದಲೇ ಇತ್ತು. ಫೋನು ಅದನ್ನು ಹಂಚಬಹುದಿತ್ತೇ ಹೊರತು ಹುಟ್ಟಿಸುವಂತಿರಲಿಲ್ಲ. ಸೋಶಿಯಲ್ ಮೀಡಿಯಾದಿಂದಲೇ ಗೆದ್ದರು, ಅದರಿಂದಲೇ ಸೋತರು ಎಂದು ಸಲೀಸಾಗಿ ಹೇಳುವವರು ಇದನ್ನು ಮರೆಯುತ್ತಾರೆ.

ಗುಳೆ ಹೋದವರ ವಿಷಯವೂ ಇಲ್ಲೇ ಬರುತ್ತದೆ. ಲಿಂಗಸುಗೂರು, ದೇವದುರ್ಗ, ಕುಷ್ಟಗಿ, ಯಲಬುರ್ಗಾ ಕಡೆಯವರು ಕೆಲಸಕ್ಕೆಂದು ಬೆಂಗಳೂರು, ಗೋವಾ, ಪುಣೆಗೆ ಹೋಗುತ್ತಾರೆ. ಮೊದಲು ಅವರನ್ನು ಮತಕ್ಕೆ ಕರೆತರಲು ಊರಿನಿಂದ ಒಬ್ಬರು ಮೇಸ್ತ್ರಿಯ ಬಳಿ ಹೋಗಿ ಮಾತಾಡಬೇಕಿತ್ತು. ಈಗ ಬಸ್ಸು ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದೆಲ್ಲ ಗ್ರೂಪ್‌ನಲ್ಲೇ. ಊರಿನ ಸುದ್ದಿ ಅವರಿಗೆ ವರ್ಷವಿಡೀ ತಲುಪುವುದೂ ಅದರಿಂದಲೇ. ಶೆಡ್‌ನಲ್ಲಿ ಮಲಗಿ ಊರಿನ ಜಾತ್ರೆಯ ವಿಡಿಯೊ ನೋಡುವ ಮನುಷ್ಯನಿಗೆ ಆ ಗ್ರೂಪ್ ಬೇಕು. ಇದನ್ನು ಬರೀ ಕೆಡುಕು ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕೆಡುಕಿನ ಮುಖ ಕಂಡದ್ದು 2018ರಲ್ಲಿ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ವದಂತಿಗೆ ದೇಶದ ಹಲವೆಡೆ ಜನ ಸತ್ತರು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲೂ ಒಬ್ಬ ಯುವಕನನ್ನು ಹೊಡೆದು ಕೊಂದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗೆ ಮಾತ್ರ ಫಾರ್ವರ್ಡ್ ಎಂದು ಮಿತಿ ಹಾಕಿತು. ಅದಕ್ಕೂ ಮೊದಲು, ಮೇ ತಿಂಗಳ ವಿಧಾನಸಭೆ ಚುನಾವಣೆ ಹೊತ್ತಿಗೆ ಬಿಬಿಸಿ ಹೆಸರಲ್ಲಿ ಒಂದು ಸಮೀಕ್ಷೆ ರಾಜ್ಯದಲ್ಲಿ ಹರಿದಾಡಿತ್ತು. ಅಂಥ ಸಮೀಕ್ಷೆ ನಾವು ಮಾಡಿಲ್ಲ ಎಂದು ಬಿಬಿಸಿಯೇ ಹೇಳಬೇಕಾಯಿತು. ಸುಳ್ಳು ತಲುಪಿದ ಗ್ರೂಪ್‌ಗಳಿಗೆಲ್ಲ ಆ ಸ್ಪಷ್ಟನೆ ತಲುಪಿತೇ? ತಲುಪುವ ದಾರಿಯೇ ಇಲ್ಲ, ಅಲ್ವಾ?

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. 2023ರ ವಿಧಾನಸಭೆ ಚುನಾವಣೆಗೆ ಬರುವಾಗ ಪ್ರಚಾರ ಮೂವತ್ತು ಸೆಕೆಂಡಿಗೆ ಇಳಿದಿತ್ತು. ನಾಯಕ ಕಾರಿನಿಂದ ಇಳಿಯುವುದು, ಹಿಂದೆ ಸಿನಿಮಾ ಮ್ಯೂಸಿಕ್, ಮೇಲೊಂದು ಡೈಲಾಗ್. ಏನು ಮಾಡುತ್ತೇನೆ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಆಗಿನ ಮುಖ್ಯಮಂತ್ರಿ ಮೇಲೆ ಲಂಚದ ಆರೋಪ ಹೊರಿಸಿದ 2022ರ ಸೆಪ್ಟೆಂಬರ್‌ನ ‘ಪೇಸಿಎಂ’ ಪೋಸ್ಟರ್‌ನಲ್ಲಿ ಕ್ಯೂಆರ್ ಕೋಡ್ ಇತ್ತು. ಗೋಡೆಗೆ ಅಂಟಿಸಿದ್ದು ಫೋನಿನಲ್ಲಿ ತೆರೆದುಕೊಳ್ಳುತ್ತಿತ್ತು. 2022ರ ಡಿಸೆಂಬರ್‌ನಲ್ಲಿ ಘೋಷಣೆಯಾದ, ಜನಾರ್ದನ ರೆಡ್ಡಿ ಅವರ ಕಲ್ಯಾಣ ರಾಜ್ಯ ಪ್ರಗತಿ ಪಕ್ಷ ಐದೇ ತಿಂಗಳಲ್ಲಿ ತನ್ನ ಫುಟ್‌ಬಾಲ್ ಚಿಹ್ನೆಯನ್ನು ಜನರಿಗೆ ಪರಿಚಯಿಸಬೇಕಿತ್ತು. ಗೆದ್ದದ್ದು ಗಂಗಾವತಿ ಒಂದೇ. ಇನ್ನೊಂದೆಡೆ ಅದೇ ಚುನಾವಣೆಯಲ್ಲಿ ಮನೆ ಮನೆಗೆ ಗ್ಯಾರಂಟಿ ಕಾರ್ಡ್ ಎಂಬ ಕಾಗದ ಹಂಚಿದ್ದೂ ಆಯಿತು. ಕೈಗೆ ಕೊಟ್ಟ ಕಾಗದವನ್ನು ಜನ ಎತ್ತಿಡುತ್ತಾರೆ, ಆಮೇಲೆ ತೋರಿಸಿ ಕೇಳುತ್ತಾರೆ. ರೀಲ್ಸ್ ತೋರಿಸಿ ಯಾರೂ ಕೇಳುವುದಿಲ್ಲ.

ನಿಯಮಗಳು ಇಲ್ಲವೆಂದಲ್ಲ. ಚುನಾವಣಾ ಆಯೋಗ 2013ರ ಅಕ್ಟೋಬರ್ 25ರಂದೇ ಸೂಚನೆ ಹೊರಡಿಸಿತ್ತು. ಅಭ್ಯರ್ಥಿ ತನ್ನ ಖಾತೆಗಳನ್ನು ಅಫಿಡವಿಟ್‌ನಲ್ಲಿ ತಿಳಿಸಬೇಕು, ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು, ಖರ್ಚನ್ನು ಲೆಕ್ಕಕ್ಕೆ ಸೇರಿಸಬೇಕು. ಆದರೆ ಅಭ್ಯರ್ಥಿ ಮತ್ತು ಪಕ್ಷ ಬಿಟ್ಟು ಬೇರೆಯವರು ಹಾಕುವ ವಿಷಯದ ಬಗ್ಗೆ ಸಚಿವಾಲಯದ ಜೊತೆ ಚರ್ಚಿಸುತ್ತಿದ್ದೇವೆ ಎಂದಷ್ಟೇ ಅದರಲ್ಲಿತ್ತು. ಇವತ್ತಿನ ಪ್ರಚಾರದ ಬಹುಪಾಲು ನಡೆಯುವುದು ಆ ‘ಬೇರೆಯವರ’ ಖಾತೆಯಲ್ಲಿ. ಅಭಿಮಾನಿ ಬಳಗದ ಪೇಜು, ಟ್ರೋಲ್ ಪೇಜು, ಊರಿನ ಹೆಸರಿನ ನ್ಯೂಸ್ ಪೇಜು. 2022ರ ಜನವರಿಯಿಂದ ವಿಧಾನಸಭೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. ಬಾಯಿಮಾತಿನಲ್ಲಿ ದುಡ್ಡು ಕೊಟ್ಟು ಹಾಕಿಸಿದ ಪೋಸ್ಟ್ ಈ ಲೆಕ್ಕದಲ್ಲಿ ಎಲ್ಲಿ ಸಿಗಬೇಕು? ಕರಪತ್ರದ ಕೆಳಗಿದ್ದ ಆ ಸಣ್ಣಕ್ಷರದ ಸಾಲು ಇಲ್ಲಿಲ್ಲ.

2019ರಲ್ಲಿ ಸೋಶಿಯಲ್ ಮೀಡಿಯಾ ಕಂಪನಿಗಳು ತಾವೇ ಪಾಲಿಸುವ ಒಂದು ನೀತಿ ಸಂಹಿತೆ ಒಪ್ಪಿದವು. ಮತದಾನಕ್ಕೆ ಮುಂಚಿನ 48 ಗಂಟೆಯಲ್ಲಿ ಆಯೋಗ ಹೇಳಿದ್ದನ್ನು ಮೂರು ಗಂಟೆಯೊಳಗೆ ತೆಗೆಯುತ್ತೇವೆ ಎಂದವು. ಫೇಸ್‌ಬುಕ್ ಜಾಹೀರಾತಿಗೆ ದುಡ್ಡು ಕೊಟ್ಟವರ ಹೆಸರು ತೋರಿಸತೊಡಗಿತು. ಅದು ಒಳ್ಳೆಯದೇ. ಆದರೆ ವಾಟ್ಸ್‌ಆ್ಯಪ್ ಮಾತು 2016ರಿಂದ ಪೂರ್ತಿ ಗೂಢಲಿಪಿಯಲ್ಲಿದೆ, ಕಂಪನಿಗೂ ಒಳಗಿನದು ಕಾಣುವುದಿಲ್ಲ. ಜನರ ಖಾಸಗಿತನಕ್ಕೆ ಅದು ಬೇಕು, ಅದನ್ನು ಒಡೆಯಿರಿ ಎನ್ನುವುದು ಪರಿಹಾರವಲ್ಲ. 2024ರ ಮೇ 6ರಂದು ಆಯೋಗ ಡೀಪ್‌ಫೇಕ್ (ಕಂಪ್ಯೂಟರ್‌ನಿಂದ ಮುಖ, ಧ್ವನಿ ನಕಲು ಮಾಡಿದ) ವಿಡಿಯೊಗಳನ್ನು ಗಮನಕ್ಕೆ ಬಂದ ಮೂರು ಗಂಟೆಯೊಳಗೆ ತೆಗೆಯಿರಿ ಎಂದು ಪಕ್ಷಗಳಿಗೆ ಹೇಳಿತು. ನಮ್ಮ ಮೂರೂ ಜಿಲ್ಲೆಗಳಲ್ಲಿ ಮತದಾನ ಇದ್ದದ್ದು ಮಾರನೇ ದಿನ, ಮೇ 7ಕ್ಕೆ.

ಫೋನಿನಿಂದ ದೂರು ಕೊಡಲು ಆಯೋಗದ ಸಿ-ವಿಜಿಲ್ ಇದೆ, 100 ನಿಮಿಷದಲ್ಲಿ ಕ್ರಮ ಎನ್ನುತ್ತದೆ. ಹಣ ಹಂಚುವುದು, ಸೀರೆ ಹಂಚುವುದು ಕಂಡರೆ ಅದು ಉಪಯೋಗಕ್ಕೆ ಬರುತ್ತದೆ. ಆದರೆ ಅದು ಕೇಳುವುದು ಆ ಜಾಗದಲ್ಲೇ ಆಗಿಂದಾಗ ತೆಗೆದ ಫೋಟೊ, ವಿಡಿಯೊದಂಥ ಸಾಕ್ಷ್ಯ. ಫೋನಿಗೆ ಬಂದು ಬಿದ್ದ ವಾಯ್ಸ್ ಮೆಸೇಜ್ ಅದಕ್ಕೆ ಹಾಕಲು ಬರುವುದಿಲ್ಲ. ಕಳಿಸಿದ ನಂಬರ್, ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆಡಿಯೊ ಉಳಿಸಿಕೊಂಡು, ಚುನಾವಣಾಧಿಕಾರಿಗೆ ಬರಹದಲ್ಲಿ ಕೊಡಬೇಕು. ಇಲ್ಲವೇ 1950ಕ್ಕೆ ಫೋನ್ ಮಾಡಿ ಕೇಳಬೇಕು. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ, ಅಲ್ಲಿಗೆ ದೂರಿನ ದಾರಿ ಬೇರೆ. ಆ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದಿತ್ತು. ಅಲ್ಲಿ ನಿಲ್ಲಬೇಕೆನ್ನುವವರ ಡಿಪಿಗಳು ಮಾತ್ರ ಊರ ಗ್ರೂಪ್‌ಗಳಲ್ಲಿ ಅಂದಿನಿಂದ ಬದಲಾಗುತ್ತಲೇ ಇವೆ.