ಮಸಾಯಿ ಮಾರಾ, ಸೆರೆಂಗೆಟಿ ಎರಡಕ್ಕೂ ಒಂದೇ ವೀಸಾ ಸಾಕೇ?

ಪ್ರಶ್ನೆ: ದಸರಾ ರಜೆಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳ ಜೊತೆ ಕೀನ್ಯಾ ಮತ್ತು ಟಾಂಜಾನಿಯಾ ಸಫಾರಿಗೆ ಹೋಗುವ ಯೋಚನೆ ಇದೆ. ಕೀನ್ಯಾದ ಮಸಾಯಿ ಮಾರಾ, ಟಾಂಜಾನಿಯಾದ ಸೆರೆಂಗೆಟಿ ವನ್ಯಧಾಮಗಳು ಒಂದಕ್ಕೊಂದು ಅಂಟಿಕೊಂಡೇ ಇವೆಯಂತೆ. ‘ಈಸ್ಟ್ ಆಫ್ರಿಕಾ ಟೂರಿಸ್ಟ್ ವೀಸಾ’ ಒಂದನ್ನು ಮಾಡಿಸಿದರೆ ಎರಡೂ ಕಡೆ ಓಡಾಡಬಹುದು ಎಂದು ಪರಿಚಯದವರು ಹೇಳಿದರು. ನಿಜವೇ?

ಉತ್ತರ: ಇಲ್ಲ, ಸಾಲದು. ಆ ವೀಸಾ ಇರುವುದು ನಿಜ. 2014ರಿಂದ ಜಾರಿಯಲ್ಲಿದೆ, 100 ಡಾಲರ್, 90 ದಿನ, ಎಷ್ಟು ಸಲ ಬೇಕಾದರೂ ಗಡಿ ದಾಟಬಹುದು. ಆದರೆ ಅದು ನಡೆಯುವುದು ಕೀನ್ಯಾ, ಉಗಾಂಡಾ, ರುವಾಂಡಾ ಈ ಮೂರು ದೇಶಗಳಲ್ಲಿ ಮಾತ್ರ. ಟಾಂಜಾನಿಯಾ ಆ ಒಪ್ಪಂದದಲ್ಲಿ ಇಲ್ಲ. ಉಗಾಂಡಾದಲ್ಲಿ ಗೊರಿಲ್ಲಾ ನೋಡಿಕೊಂಡು ಮಾರಾಗೆ ಬರುವವರಿಗೆ ಅದು ಲಾಭ. ನಿಮಗೆ ದುಡ್ಡು ದಂಡ.

ನಿಮಗೆ ಬೇಕಾದದ್ದು ಎರಡು ಪ್ರತ್ಯೇಕ ಅನುಮತಿಗಳು. ಎರಡೂ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಆಗುತ್ತವೆ. ರಾಯಭಾರ ಕಚೇರಿಗೆ ಪಾಸ್‌ಪೋರ್ಟ್ ಕಳಿಸುವ ಕಾಟವಿಲ್ಲ.

ಕೀನ್ಯಾ 2024ರ ಜನವರಿಯಿಂದ ಪ್ರವಾಸಿ ವೀಸಾವನ್ನೇ ತೆಗೆದುಹಾಕಿ ‘ಇಟಿಎ’ ಎಂಬ ಎಲೆಕ್ಟ್ರಾನಿಕ್ ಅನುಮತಿ ತಂದಿದೆ. ‘ಕೀನ್ಯಾ ವೀಸಾ ಫ್ರೀ ಆಯಿತು’ ಎಂಬ ಸುದ್ದಿ ನಂಬಿ ಏನೂ ಮಾಡಿಸದೆ ಹೊರಟರೆ ವಿಮಾನ ಹತ್ತಿಸುವುದಿಲ್ಲ. ಹೆಸರು ಬದಲಾಗಿದೆ ಅಷ್ಟೇ, ಅರ್ಜಿ ಹಾಕುವುದು ತಪ್ಪಿಲ್ಲ. ಶುಲ್ಕ ತಲೆಗೆ 30 ಡಾಲರ್, ಮೇಲೆ ಒಂದಿಷ್ಟು ಸೇವಾ ಶುಲ್ಕ. ಕೈಗೂಸಿಗೂ ಬೇರೆ ಅರ್ಜಿ ಬೇಕು. ತಲುಪುವ ದಿನದಿಂದ ಕನಿಷ್ಠ ಆರು ತಿಂಗಳು ಚಾಲ್ತಿಯಿರುವ ಪಾಸ್‌ಪೋರ್ಟ್, ಫೋಟೊ, ಹೋಗಿ ಬರುವ ಟಿಕೆಟ್, ತಂಗುವ ಜಾಗದ ಬುಕಿಂಗ್ ಇಷ್ಟು ಕೇಳುತ್ತಾರೆ. ಟೆಂಟ್ ಕ್ಯಾಂಪ್‌ನ ಬುಕಿಂಗ್ ಪತ್ರವನ್ನು ಸಫಾರಿ ಕಂಪನಿಯವರೇ ಕಳಿಸುತ್ತಾರೆ, ಕೇಳಿ ಪಡೆಯಿರಿ. ಸಾಮಾನ್ಯವಾಗಿ ಮೂರು ದಿನದಲ್ಲಿ ಬರುತ್ತದೆ ಎನ್ನುತ್ತಾರೆ. ನಾನಾದರೆ ಮೂರು ವಾರ ಇಟ್ಟುಕೊಳ್ಳುತ್ತೇನೆ. ಫೋಟೊ ಮಸುಕು, ಪಾಸ್‌ಪೋರ್ಟ್ ಪುಟದ ಮೇಲೆ ಟ್ಯೂಬ್‌ಲೈಟಿನ ಹೊಳಪು, ಇಂಥ ಸಣ್ಣ ಕಾರಣಕ್ಕೇ ಅರ್ಜಿ ನಿಂತುಬಿಡುವುದುಂಟು.

ಟಾಂಜಾನಿಯಾಕ್ಕೆ ಇ-ವೀಸಾ. ಭಾರತೀಯ ಪಾಸ್‌ಪೋರ್ಟಿಗೆ ಒಂದು ಪ್ರವೇಶದ ಸಾಮಾನ್ಯ ವೀಸಾ 50 ಡಾಲರ್, 90 ದಿನದವರೆಗೆ ಇರಬಹುದು. ಇದು ಕೀನ್ಯಾದಷ್ಟು ಚುರುಕಲ್ಲ, ಹತ್ತು ದಿನ ಹಿಡಿದರೂ ಆಶ್ಚರ್ಯಪಡಬೇಡಿ. ಸಫಾರಿ ಮುಗಿಸಿ ಟಾಂಜಾನಿಯಾಕ್ಕೇ ಸೇರಿದ ಜಾಂಜಿಬಾರ್ ದ್ವೀಪದ ಕಡಲತೀರಕ್ಕೂ ಹೋಗುವುದಾದರೆ ಇದೇ ವೀಸಾ ಸಾಕು. ಆದರೆ 2024ರ ಅಕ್ಟೋಬರ್‌ನಿಂದ ಅಲ್ಲಿ ಸರ್ಕಾರಿ ವಿಮಾ ನಿಗಮದ ಪಾಲಿಸಿ ಕಡ್ಡಾಯ, ದೊಡ್ಡವರಿಗೆ 44 ಡಾಲರ್. ನಿಮ್ಮ ಬಳಿ ಭಾರತದ ಟ್ರಾವೆಲ್ ಇನ್ಶೂರೆನ್ಸ್ ಇದ್ದರೂ ಇದನ್ನು ಬೇರೆಯಾಗಿ ಕೊಳ್ಳಬೇಕು.

ಗೂಗಲ್‌ನಲ್ಲಿ ಹುಡುಕಿದಾಗ ಮೊದಲು ಕಾಣುವ ಸೈಟನ್ನೇ ಒತ್ತಬೇಡಿ. ಸರ್ಕಾರಿ ಲಾಂಛನದಂತೆ ಕಾಣುವ ಚಿತ್ರ ಹಾಕಿಕೊಂಡು ದುಪ್ಪಟ್ಟು ದುಡ್ಡು ಕೀಳುವ ಖಾಸಗಿ ಸೈಟುಗಳು ಬೇಕಾದಷ್ಟಿವೆ. ಕೀನ್ಯಾದ್ದಾದರೆ ವಿಳಾಸ ‘ಡಾಟ್ ಗೋ ಡಾಟ್ ಕೆಇ’ ಎಂದು, ಟಾಂಜಾನಿಯಾದ್ದಾದರೆ ‘ಡಾಟ್ ಗೋ ಡಾಟ್ ಟಿಝಡ್’ ಎಂದು ಮುಗಿಯಬೇಕು. ಕಟ್ಟುವ ಮೊದಲು ಅದೇ ಸೈಟಿನಲ್ಲಿ ಅವತ್ತಿನ ಶುಲ್ಕವನ್ನೂ ನೋಡಿಕೊಳ್ಳಿ.

ಇನ್ನು ‘ಅಂಟಿಕೊಂಡೇ ಇವೆ’ ಎಂಬ ಮಾತು. ನಕ್ಷೆಯಲ್ಲಿ ಹೌದು. ಒಂದೇ ಹುಲ್ಲುಗಾವಲು, ನಡುವೆ ಬೇಲಿಯೂ ಇಲ್ಲ. ಆದರೆ ಮಾರಾದಿಂದ ಸೆರೆಂಗೆಟಿಗೆ ಜೀಪಿನಲ್ಲಿ ನೇರ ಇಳಿಯಲು ಪ್ರವಾಸಿಗಳಿಗೆ ದಾರಿಯಿಲ್ಲ. ಕಾಡಿನೊಳಗಿನ ಆ ಗಡಿ ಮುಚ್ಚಿದೆ. ಒಂದೋ ಪಶ್ಚಿಮಕ್ಕೆ ಬಳಸಿ ಇಸೆಬಾನಿಯಾದಲ್ಲಿ ದಾಟಬೇಕು, ಇಲ್ಲವೇ ನೈರೋಬಿಗೆ ವಾಪಸು ಬಂದು ಟಾಂಜಾನಿಯಾದ ಅರೂಷಾಕ್ಕೆ ಹೋಗುವ ರಸ್ತೆಯ ನಮಾಂಗಾದಲ್ಲಿ ದಾಟಬೇಕು. ನಮಾಂಗಾದಲ್ಲಿ ಈಗ ಒಂದೇ ಕಟ್ಟಡದಲ್ಲಿ ಕೀನ್ಯಾದಿಂದ ಹೊರಡುವ ಮುದ್ರೆ, ಟಾಂಜಾನಿಯಾ ಒಳಬರುವ ಮುದ್ರೆ ಎರಡೂ ಆಗುತ್ತವೆ. ಸಾಮಾನ್ಯವಾಗಿ ಕೀನ್ಯಾದ ಗಾಡಿ ನಿಮ್ಮನ್ನು ಗಡಿಗೆ ಬಿಡುತ್ತದೆ, ಆಚೆ ಬದಿ ಟಾಂಜಾನಿಯಾದ ಗಾಡಿ ಕಾದಿರುತ್ತದೆ. ವಯಸ್ಸಾದವರು ಜೊತೆಗಿರುವುದರಿಂದ ಈ ಒಂದು ದಿನ ರಸ್ತೆಯಲ್ಲೇ ಕಳೆಯುತ್ತದೆ ಎಂದು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಅದಕ್ಕೇ ನನ್ನ ಸಲಹೆ: ವೀಸಾಗಿಂತ ಮೊದಲು ದಾರಿ ಗೊತ್ತುಮಾಡಿ. ಇಟಿಎ ಸಾಮಾನ್ಯವಾಗಿ ಒಂದು ಸಲದ ಪ್ರವೇಶಕ್ಕೆ. ನೈರೋಬಿಯಲ್ಲಿ ಇಳಿದು, ಕೀನ್ಯಾ ಮುಗಿಸಿ, ಟಾಂಜಾನಿಯಾಕ್ಕೆ ಹೋಗಿ, ಕಿಲಿಮಂಜಾರೊ ಏರ್‌ಪೋರ್ಟಿನಿಂದಲೋ ಜಾಂಜಿಬಾರ್‌ನಿಂದಲೋ ಊರಿಗೆ ಹೊರಟರೆ ಎರಡೂ ಅನುಮತಿ ಒಂದೊಂದೇ ಸಲ ಬಳಕೆಯಾಗುತ್ತವೆ, ತಕರಾರೇ ಏಳುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ನೈರೋಬಿಗೇ ರಿಟರ್ನ್ ಟಿಕೆಟ್ ತೆಗೆದರೆ ಮತ್ತೊಮ್ಮೆ ಕೀನ್ಯಾ ಹೊಕ್ಕಬೇಕಾಗುತ್ತದೆ. ಆಗ ಅದೇ ಇಟಿಎ ನಡೆಯುತ್ತದೆಯೇ ಎಂದು ಅವರ ಸಹಾಯವಿಭಾಗಕ್ಕೆ ಇಮೇಲ್ ಬರೆದು, ಉತ್ತರವನ್ನು ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಏಜೆಂಟರ ಬಾಯಿಮಾತು ಗಡಿಯಲ್ಲಿ ನಡೆಯುವುದಿಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಗೋಳಿದೆ, ಹೆಸರು. ಅಪ್ಪ, ಅಮ್ಮಂದಿರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಹೆಸರಿನ ಜಾಗದಲ್ಲಿ ಒಂದೇ ಪದ. ಆಧಾರ್‌ನಲ್ಲಿ ಇನಿಷಿಯಲ್ ಮುಂದಿದ್ದರೆ ಪ್ಯಾನ್‌ನಲ್ಲಿ ಹಿಂದಿರುತ್ತದೆ. ಅವೆಲ್ಲ ಇಲ್ಲಿ ಲೆಕ್ಕಕ್ಕಿಲ್ಲ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಅದೇ ಅಕ್ಷರ ಟಿಕೆಟ್, ಇಟಿಎ, ವೀಸಾ, ಲಸಿಕೆ ಕಾರ್ಡ್ (ಅದರ ವಿಚಾರ ಮುಂದೆ ಇದೆ) ನಾಲ್ಕರಲ್ಲೂ ಇರಬೇಕು. ಸರ್‌ನೇಮ್ ಖಾಲಿ ಬಿಡಲು ಫಾರಂ ಒಪ್ಪದಿದ್ದರೆ ಅಂದಾಜಿನ ಮೇಲೆ ಅಜ್ಜನ ಹೆಸರೋ ಊರಿನ ಹೆಸರೋ ತುಂಬಬೇಡಿ, ದುಡ್ಡು ಕಟ್ಟುವ ಮೊದಲೇ ಆ ಸೈಟಿನ ಸಹಾಯವಿಭಾಗವನ್ನು ಕೇಳಿ. ಹಾದಿಯಲ್ಲಿ ದುಬೈ ಸುತ್ತಾಡುವ ಆಸೆಯಿದ್ದರೆ ಇನ್ನೂ ಎಚ್ಚರ ಬೇಕು. ಒಂದೇ ಹೆಸರಿನ ಪಾಸ್‌ಪೋರ್ಟಿಗೆ ಯುಎಇ 2022ರಿಂದ ಪ್ರವಾಸಿ ವೀಸಾ ಬಿಗಿ ಮಾಡಿದೆ.

ಇಷ್ಟಾದರೂ ಹೊರಡುವ ಹೊತ್ತಿಗೆ ಜನ ಸಿಕ್ಕಿಬೀಳುವುದು ವೀಸಾದಲ್ಲಲ್ಲ, ಯೆಲ್ಲೋ ಫೀವರ್ ಲಸಿಕೆಯಲ್ಲಿ. ಕೀನ್ಯಾ ಈ ಜ್ವರದ ಅಪಾಯವಿರುವ ದೇಶಗಳ ಪಟ್ಟಿಯಲ್ಲಿದೆ. ಕೀನ್ಯಾದಿಂದ ಬಂದವರನ್ನು ಟಾಂಜಾನಿಯಾ ಗಡಿಯಲ್ಲಿ ಲಸಿಕೆ ಹಾಕಿಸಿದ ಹಳದಿ ಕಾರ್ಡ್ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾಗಿ ನಮ್ಮ ಸರ್ಕಾರವೇ ವಾಪಸು ಬರುವವರನ್ನು ಕೇಳುತ್ತದೆ. ಅಂಥ ದೇಶ ಬಿಟ್ಟು ಆರು ದಿನ ಕಳೆಯುವ ಮೊದಲು ಕಾರ್ಡ್ ಇಲ್ಲದೆ ಭಾರತಕ್ಕೆ ಇಳಿದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುವ ಅಧಿಕಾರ ಅವರಿಗಿದೆ. ಸೊಳ್ಳೆಯಿಂದ ಹರಡುವ ಈ ರೋಗ ಭಾರತದಲ್ಲಿ ಇಲ್ಲ, ಆದರೆ ಹರಡಬಲ್ಲ ಈಡಿಸ್ ಸೊಳ್ಳೆ ಮನೆಮನೆಯಲ್ಲೂ ಇದೆ. ಡೆಂಗಿ ತರುವುದೂ ಅದೇ. ಬಿಗಿ ಮಾಡುವುದು ಸುಮ್ಮನೆ ಅಲ್ಲ.

ಈ ಲಸಿಕೆ ಬಡಾವಣೆಯ ಕ್ಲಿನಿಕ್ಕಿನಲ್ಲಿ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ, ಬೆಂಗಳೂರಿನಲ್ಲೂ ಇವೆ. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಹೋದ ಕೂಡಲೇ ಚುಚ್ಚುವುದಿಲ್ಲ, ಗೊತ್ತಾದ ದಿನ ಜನ ಸೇರಿಸಿ ಕೊಡುತ್ತಾರೆ. ಮೊದಲೇ ದಿನ ಕಾಯ್ದಿರಿಸಿ, ಅಸಲಿ ಪಾಸ್‌ಪೋರ್ಟ್ ಒಯ್ಯಿರಿ. ಹಳದಿ ಕಾರ್ಡಿನಲ್ಲಿ ಪಾಸ್‌ಪೋರ್ಟ್ ನಂಬರ್ ಸರಿಯಾಗಿ ಬರೆದಿದ್ದಾರೆಯೇ, ಮುದ್ರೆ ಬಿದ್ದಿದೆಯೇ ಎಂದು ಅಲ್ಲೇ ನಿಂತು ನೋಡಿಕೊಳ್ಳಿ. ಚುಚ್ಚಿಸಿದ 10 ದಿನದ ನಂತರವೇ ಕಾರ್ಡ್ ಊರ್ಜಿತ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು, 2016ರಿಂದ ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ಅರವತ್ತು ದಾಟಿದವರಿಗೆ, ಮೊಟ್ಟೆಯ ಅಲರ್ಜಿ ಇರುವವರಿಗೆ ಈ ಲಸಿಕೆಯ ವಿಚಾರದಲ್ಲಿ ಹೆಚ್ಚಿನ ಎಚ್ಚರ ಬೇಕು. ಆದ್ದರಿಂದ ಅಪ್ಪ, ಅಮ್ಮನನ್ನು ಟಿಕೆಟ್ ಮಾಡಿಸುವ ಮೊದಲೇ ಅವರ ಡಾಕ್ಟರ ಬಳಿ ಕರೆದೊಯ್ಯಿರಿ. ಡಾಕ್ಟರು ಬೇಡವೆಂದರೆ ಪ್ರವಾಸದ ನಕ್ಷೆಯನ್ನೇ ಬದಲಿಸಬೇಕಾದೀತು.

ದಸರಾ ರಜೆ ಒಳ್ಳೆಯ ಆಯ್ಕೆ. ವಿಲ್ಡಬೀಸ್ಟ್ ಎಂಬ ಹುಲ್ಲೆ ಜಾತಿಯ ಪ್ರಾಣಿಗಳ ಹಿಂಡುಗಳು ಮಾರಾದಲ್ಲಿ ಇರುವುದು ಸುಮಾರು ಜುಲೈನಿಂದ ಅಕ್ಟೋಬರ್‌ವರೆಗೆ. ನಮ್ಮ ಬೇಸಿಗೆ ರಜೆಗೆ ಅಲ್ಲಿ ದೊಡ್ಡ ಮಳೆ. ಆದರೆ ದಸರಾ ಹೊತ್ತಿಗೆ ಮಾರಾ ಪ್ರವೇಶ ಶುಲ್ಕವೇ ದೊಡ್ಡವರಿಗೆ ದಿನಕ್ಕೆ 200 ಡಾಲರ್, ಜೂನ್‌ವರೆಗಿನ ದರದ ಎರಡರಷ್ಟು. ಅದರ ಮುಂದೆ ವೀಸಾ ಖರ್ಚು ಚಿಲ್ಲರೆ. ಅಮೆರಿಕದಿಂದ ತಮ್ಮನೋ ತಂಗಿಯೋ ಬಂದು ಸೇರುವುದಾದರೆ ಗ್ರೀನ್ ಕಾರ್ಡಿಗೆ ಇಲ್ಲಿ ಬೆಲೆಯಿಲ್ಲ, ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಎಂದು. ಅಮೆರಿಕದ ಪಾಸ್‌ಪೋರ್ಟ್ ಇದ್ದವರಿಗೆ ಟಾಂಜಾನಿಯಾ ವೀಸಾ 100 ಡಾಲರ್.

ಚಕ್ಕುಲಿ, ಚಟ್ನಿಪುಡಿ ಒಯ್ಯುವವರು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಬೇಡಿ, ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಚೀಲಗಳನ್ನು ಕೀನ್ಯಾ 2017ರಲ್ಲಿ, ಟಾಂಜಾನಿಯಾ 2019ರಲ್ಲಿ ನಿಷೇಧಿಸಿವೆ. ಎಲ್ಲ ಕಾಗದಗಳ ಪ್ರಿಂಟ್ ಇರಲಿ. ಹಳದಿ ಕಾರ್ಡ್ ಮಾತ್ರ ಸೂಟ್‌ಕೇಸಿಗೆ ಸೇರದೆ ಕೈಚೀಲದಲ್ಲೇ ಇರಲಿ. ವಾಪಸು ಬಂದಾಗ ಆರೋಗ್ಯ ಅಧಿಕಾರಿಯ ಕೌಂಟರ್ ಸಿಗುವುದು ಲಗೇಜ್ ಬೆಲ್ಟಿಗಿಂತ ಮೊದಲು.