ನವೆಂಬರ್ 1, 1956: ಅವತ್ತು ‘ಕರ್ನಾಟಕ’ ಅನ್ನೋ ಹೆಸರು ಬರಲಿಲ್ಲ

ಓದುಗರ ಪ್ರಶ್ನೆ: ನವೆಂಬರ್ 1ರಂದು ಚರಿತ್ರೆಯಲ್ಲಿ ಏನೇನು ನಡೆದಿದೆ? ಅವತ್ತು ಹುಟ್ಟಿದ ಹೆಸರಾಂತರು ಯಾರು, ಕ್ರೀಡೆಯಲ್ಲಿ ಏನು ವಿಶೇಷ? 1956ರಲ್ಲಿ ನಮ್ಮ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟಿದ್ದು ಗೊತ್ತು, ಉಳಿದದ್ದು ತಿಳಿಸಿ. ಮಗಳ ರಾಜ್ಯೋತ್ಸವ ಭಾಷಣಕ್ಕೆ ಬೇಕಿತ್ತು.

ಉತ್ತರ: ಅಕ್ಟೋಬರ್ ಕೊನೆಯ ವಾರ ಬಂತು ಅಂದ್ರೆ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಹೇಳೋದಕ್ಕೆ ಬೇಸರವಿಲ್ಲ. ಆದರೆ ಪ್ರಶ್ನೆಯ ಒಳಗೇ ಒಂದು ತಪ್ಪು ಕೂತಿರುತ್ತದೆ, ವರ್ಷ ವರ್ಷವೂ ಅದೇ ತಪ್ಪು. ಅದನ್ನು ಹಾಗೇ ಬಿಟ್ಟರೆ ನಿಮ್ಮ ಮಗಳು ಮೈಕಿನ ಮುಂದೆ ಅದನ್ನೇ ಹೇಳುತ್ತಾಳೆ, ಕೇಳಿದ ಮಕ್ಕಳೆಲ್ಲ ಅದನ್ನೇ ಮನೆಗೆ ಒಯ್ಯುತ್ತಾರೆ. ಹಾಗಾಗಿ ಮೊದಲು ಅದನ್ನು ಸರಿ ಮಾಡೋಣ.

1956ರ ನವೆಂಬರ್ 1ರಂದು ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬರಲಿಲ್ಲ. ಅವತ್ತು ಆದದ್ದು ಏಕೀಕರಣ. ಮುಂಬೈ ರಾಜ್ಯದಿಂದ ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಬಂದವು. ಹೈದರಾಬಾದ್ ರಾಜ್ಯದಿಂದ ಬೀದರ್, ಗುಲ್ಬರ್ಗಾ, ರಾಯಚೂರು ಬಂದವು. ಮದ್ರಾಸಿನ ಕಡೆಯಿಂದ ದಕ್ಷಿಣ ಕನ್ನಡ, ಕೊಳ್ಳೇಗಾಲ. ಕೊಡಗೂ ಸೇರಿತು. ಬಳ್ಳಾರಿ 1953ರಲ್ಲೇ ಬಂದಾಗಿತ್ತು. ಹೀಗೆ ಒಂದಾದ ರಾಜ್ಯಕ್ಕೆ ಇದ್ದ ಹೆಸರು ಮೈಸೂರು. ‘ವಿಶಾಲ ಮೈಸೂರು’ ಅಂತ ಬಾಯಿಮಾತಿನಲ್ಲಿ ಕರೆಯುತ್ತಿದ್ದರು, ಕಾಗದದ ಮೇಲೆ ಬರೀ ಮೈಸೂರು. ಕರ್ನಾಟಕ ಆಗೋದಕ್ಕೆ ಇನ್ನೂ 17 ವರ್ಷ ಬೇಕಾಯಿತು. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು.

ಇಷ್ಟು ಹೇಳಿದರೂ ಜನ ಒಪ್ಪೋದಿಲ್ಲ. “ಕರ್ನಾಟಕ ಭೂಕಂದಾಯ ಕಾಯ್ದೆ 1964 ಅಂತ ಇದೆಯಲ್ಲ, 1964ರಲ್ಲಿ ಕರ್ನಾಟಕ ಇಲ್ಲದಿದ್ದರೆ ಆ ಹೆಸರು ಎಲ್ಲಿಂದ ಬಂತು?” ಅಂತ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ, ಗೊಂದಲ ಹುಟ್ಟೋದೂ ಅಲ್ಲೇ. ಆ ಕಾಯ್ದೆ ಪಾಸಾದಾಗ ಅದರ ಹೆಸರು ಮೈಸೂರು ಭೂಕಂದಾಯ ಕಾಯ್ದೆ. 1961ರ ಭೂಸುಧಾರಣಾ ಕಾಯ್ದೆಯೂ ಹಾಗೇ, ಮೈಸೂರು ಭೂಸುಧಾರಣಾ ಕಾಯ್ದೆ. ರಾಜ್ಯದ ಹೆಸರು ಬದಲಾದ ಮೇಲೆ ಹಳೆಯ ಕಾಯ್ದೆಗಳಲ್ಲಿ ‘ಮೈಸೂರು’ ಇದ್ದ ಕಡೆ ‘ಕರ್ನಾಟಕ’ ಅಂತ ಓದಬೇಕು ಎಂದು ಆದೇಶವಾಯಿತು. ಹೆಸರು ಹೊಸದಾಯಿತು, ಇಸವಿ ಹಳೆಯದೇ ಉಳಿಯಿತು. ಈಗ ಪುಸ್ತಕ ತೆರೆದವರಿಗೆ 1961ರಲ್ಲೇ, 1964ರಲ್ಲೇ ಕರ್ನಾಟಕ ಇತ್ತು ಅನಿಸುತ್ತದೆ.

ಬಸ್ಸಿನ ಕಥೆಯೂ ಇದೇ. ಕೆಎಸ್‌ಆರ್‌ಟಿಸಿ ಶುರುವಾದದ್ದು 1961ರಲ್ಲಿ, ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಅಂತ. ಮನೆಯಲ್ಲಿ ಅಜ್ಜನದೋ ಅಜ್ಜಿಯದೋ 60ರ ದಶಕದ ಸರ್ಕಾರಿ ಕಾಗದ ಇದ್ದರೆ ತೆಗೆದು ನೋಡಿ. ಮೇಲೆ ‘ಮೈಸೂರು ಸರ್ಕಾರ’ ಅಂತ ಇರುತ್ತದೆ. ಆ ಮನೆ ಬೀದರಿನದ್ದಾದರೂ ಸರಿ, ಕಾರವಾರದ್ದಾದರೂ ಸರಿ.

ಮುಖ್ಯಮಂತ್ರಿಗಳ ವಿಷಯ ನೋಡಿ. ಏಕೀಕರಣದ ದಿನ ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿ ಆಗಿದ್ದರು ಅಂತ ತುಂಬಾ ಜನ ಬರೆಯುತ್ತಾರೆ. ಅವರು 1956ರ ಆಗಸ್ಟ್‌ನಲ್ಲೇ ಇಳಿದಿದ್ದರು. ಆಮೇಲೆ ಅಕ್ಟೋಬರ್ 31ರವರೆಗೆ ಕಡಿದಾಳ್ ಮಂಜಪ್ಪ. ನವೆಂಬರ್ 1ರಿಂದ ಎಸ್. ನಿಜಲಿಂಗಪ್ಪ. ರಾಜಪ್ರಮುಖರಾಗಿದ್ದ, ಅಂದರೆ ಹಳೆಯ ಮೈಸೂರು ರಾಜ್ಯದ ಸಾಂವಿಧಾನಿಕ ಮುಖ್ಯಸ್ಥರಾಗಿದ್ದ, ಜಯಚಾಮರಾಜ ಒಡೆಯರ್ ಅವತ್ತಿನಿಂದ ರಾಜ್ಯಪಾಲರು. ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ, ಇವರೆಲ್ಲ ಆ ವರ್ಷಗಳಲ್ಲಿ ಆಳಿದ್ದು ಮೈಸೂರು ರಾಜ್ಯವನ್ನು. ಮೈಸೂರಿನ ಮುಖ್ಯಮಂತ್ರಿಯಾಗಿ ಬಂದು ಕರ್ನಾಟಕದ ಮುಖ್ಯಮಂತ್ರಿಯಾಗಿ ಮುಂದುವರಿದವರು ದೇವರಾಜ ಅರಸು ಒಬ್ಬರೇ. 1972ರ ಜುಲೈನಲ್ಲಿ ವಿಧಾನಸಭೆ ನಿರ್ಣಯ ಮಾಡಿತು, 1973ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ನವೆಂಬರ್ 1ಕ್ಕೆ ಜಾರಿಯಾಯಿತು.

ಇಷ್ಟು ತಡ ಯಾಕಾಯಿತು? ಹಳೇ ಮೈಸೂರಿನ ಎಷ್ಟೋ ಜನರಿಗೆ ಆ ಹೆಸರು ಬಿಡೋದಕ್ಕೆ ಮನಸ್ಸಿರಲಿಲ್ಲ. ಅರಮನೆ, ದಿವಾನರು, ಕನ್ನಂಬಾಡಿ, ದಸರಾ ಎಲ್ಲ ಆ ಹೆಸರಿನ ಜೊತೆ ಬೆಸೆದುಕೊಂಡಿತ್ತು. ಧಾರವಾಡ, ಗುಲ್ಬರ್ಗಾ ಕಡೆಯವರಿಗೆ ನೋವು ಬೇರೆ. ‘ನಾವು ಕರ್ನಾಟಕಕ್ಕಾಗಿ ಹೋರಾಡಿದೆವು, ಕೊನೆಗೆ ಮೈಸೂರಿಗೆ ಅಂಟಿಸಿಬಿಟ್ಟರಲ್ಲ’ ಅಂತ. ನನ್ನ ಪ್ರಕಾರ ಅವರ ನೋವಿನಲ್ಲಿ ನ್ಯಾಯ ಜಾಸ್ತಿ ಇತ್ತು. ಚಳವಳಿ ನಡೆದದ್ದೇ ಕರ್ನಾಟಕ ಎಂಬ ಹೆಸರಿನಲ್ಲಿ. ಕರ್ನಾಟಕದ ಕುಲಪುರೋಹಿತ ಅಂತ ನಾವು ಕರೆಯೋ ಆಲೂರು ವೆಂಕಟರಾಯರು ತೀರಿಕೊಂಡದ್ದು 1964ರಲ್ಲಿ. ಅವರು ನಾಡು ಒಂದಾದದ್ದನ್ನು ಕಂಡರು, ಅದಕ್ಕೆ ಕರ್ನಾಟಕ ಅಂತ ಹೆಸರಿಟ್ಟದ್ದನ್ನು ಕಾಣಲಿಲ್ಲ. ಎರಡನ್ನೂ ಒಂದೇ ದಿನಕ್ಕೆ ಸೇರಿಸಿ ‘1956ರಲ್ಲಿ ಕರ್ನಾಟಕ’ ಅಂದುಬಿಟ್ಟರೆ ಆ 17 ವರ್ಷಗಳ ಒತ್ತಾಯ, ಹಟ, ಕಾಯುವಿಕೆ ಎಲ್ಲ ಅಳಿಸಿ ಹೋಗುತ್ತದೆ. ಅದಕ್ಕೇ ಇಷ್ಟು ಉದ್ದ ಬರೆದೆ. ಮಗಳಿಗೆ ಒಂದೇ ಸಾಲು ಹೇಳಿಕೊಡಿ: 1956ರಲ್ಲಿ ನಾಡು ಒಂದಾಯಿತು, 1973ರಲ್ಲಿ ಕರ್ನಾಟಕ ಅನ್ನೋ ಹೆಸರು ಬಂತು, ಎರಡೂ ನವೆಂಬರ್ 1ರಂದೇ.

ಇನ್ನು ಉಳಿದದ್ದು. ಈ ದಿನ ನಮ್ಮೊಬ್ಬರದೇ ಅಲ್ಲ. ಕೇರಳ, ಆಂಧ್ರಪ್ರದೇಶ, ಮಧ್ಯಪ್ರದೇಶ ಕೂಡ 1956ರ ಅದೇ ದಿನ ರೂಪುಗೊಂಡವು. 1966ರ ನವೆಂಬರ್ 1ಕ್ಕೆ ಹರಿಯಾಣ, 2000ದ ನವೆಂಬರ್ 1ಕ್ಕೆ ಛತ್ತೀಸ್‌ಗಢ. ಪುದುಚೇರಿಯ ಆಡಳಿತ ಫ್ರೆಂಚರ ಕೈಯಿಂದ ಭಾರತಕ್ಕೆ ಬಂದದ್ದು 1954ರ ಇದೇ ದಿನ. ಇನ್ನೂ ಹಿಂದೆ ಹೋದರೆ, 1858ರ ನವೆಂಬರ್ 1ರಂದು ಅಲಹಾಬಾದಿನಲ್ಲಿ ವಿಕ್ಟೋರಿಯಾ ರಾಣಿಯ ಘೋಷಣೆ ಓದಿದರು. ಈಸ್ಟ್ ಇಂಡಿಯಾ ಕಂಪನಿ ಸರ್ಕಾರ ಹೋಗಿ ರಾಣಿ ಸರ್ಕಾರ ಬಂತು. 1755ರ ಇದೇ ದಿನ ಪೋರ್ಚುಗಲ್‌ನ ಲಿಸ್ಬನ್ ಭೂಕಂಪಕ್ಕೆ ನೆಲಸಮವಾಯಿತು. ಸಂತರ ಹಬ್ಬ ಅಂತ ಜನ ಚರ್ಚುಗಳಲ್ಲಿ ತುಂಬಿದ್ದರು.

ಹುಟ್ಟಿದವರಲ್ಲಿ ಮೊದಲು ಹೇಳಬೇಕಾದ್ದು ಐಶ್ವರ್ಯಾ ರೈ. ಮಂಗಳೂರಿನಲ್ಲಿ ಹುಟ್ಟಿದ್ದು 1973ರ ನವೆಂಬರ್ 1ರಂದು. ಇಸವಿ ಇನ್ನೊಮ್ಮೆ ನೋಡಿ. ರಾಜ್ಯ ಕರ್ನಾಟಕವಾದ ಅದೇ ದಿನ! ಇದನ್ನು ಹೇಳಿದರೆ ಮಕ್ಕಳು ಆ ಇಸವಿಯನ್ನು ಯಾವತ್ತೂ ಮರೆಯೋದಿಲ್ಲ. ಮರುವರ್ಷ, 1974ರಲ್ಲಿ, ಹೈದರಾಬಾದಿನಲ್ಲಿ ವಿ.ವಿ.ಎಸ್. ಲಕ್ಷ್ಮಣ್ ಹುಟ್ಟಿದರು. 2001ರ ಕೋಲ್ಕತ್ತಾ ಟೆಸ್ಟ್‌ನಲ್ಲಿ ಅವರ 281, ಪಕ್ಕದಲ್ಲಿ ನಮ್ಮ ದ್ರಾವಿಡ್ 180, ಇಬ್ಬರೂ ಸೇರಿ 376 ರನ್. ದಕ್ಷಿಣ ಆಫ್ರಿಕಾದ ಗಾಲ್ಫ್ ಆಟಗಾರ ಗ್ಯಾರಿ ಪ್ಲೇಯರ್ 1935ರ ಇದೇ ದಿನ ಹುಟ್ಟಿದವರು.

ಕ್ರೀಡೆಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಐಸ್ ಹಾಕಿಯ ಘಟನೆ. 1959ರ ನವೆಂಬರ್ 1, ನ್ಯೂಯಾರ್ಕ್. ಮಾಂಟ್ರಿಯಲ್ ತಂಡದ ಗೋಲ್‌ಕೀಪರ್ ಜಾಕ್ ಪ್ಲಾಂಟ್ ಮುಖಕ್ಕೆ ಪಕ್ (ಚೆಂಡಿನ ಬದಲು ಬಳಸೋ ಗಟ್ಟಿ ರಬ್ಬರ್ ಬಿಲ್ಲೆ) ಬಡಿದು ಚರ್ಮ ಹರಿಯಿತು. ಹೊಲಿಗೆ ಹಾಕಿಸಿಕೊಂಡ ಮೇಲೆ ಅವರು ಹೇಳಿದ್ದು ಇಷ್ಟೇ, ಮುಖವಾಡ ಇಲ್ಲದೆ ಮತ್ತೆ ಇಳಿಯೋದಿಲ್ಲ. ಕೋಚ್‌ಗೆ ಮುಖವಾಡ ಅಂದ್ರೆ ಆಗುತ್ತಿರಲಿಲ್ಲ, ಆದರೆ ತಂಡದಲ್ಲಿ ಇನ್ನೊಬ್ಬ ಗೋಲ್‌ಕೀಪರ್ ಇರಲಿಲ್ಲ. ಒಪ್ಪಲೇಬೇಕಾಯಿತು. ಮಾಂಟ್ರಿಯಲ್ ಗೆದ್ದಿತು, ಮುಖವಾಡ ಆಟದಲ್ಲಿ ಉಳಿಯಿತು.

ನೀವು ಕೇಳದ ಒಂದು ಪ್ರಶ್ನೆ ಉಳಿದಿದೆ. ರಾಜ್ಯದ ಹೆಸರು ಬದಲಾದಾಗ ನಮ್ಮ ಕ್ರಿಕೆಟ್ ತಂಡಕ್ಕೆ ಏನಾಯಿತು? ಅದೂ ಅಲ್ಲಿಯವರೆಗೆ ಮೈಸೂರು ತಂಡವೇ. ಆ ಹೆಸರಿನಲ್ಲಿ 1941-42ರಲ್ಲಿ, 1959-60ರಲ್ಲಿ ರಣಜಿ ಫೈನಲ್‌ಗೆ ಹೋಗಿ ಎರಡು ಸಲವೂ ಬಾಂಬೆಗೆ ಸೋತಿತ್ತು. ಕರ್ನಾಟಕ ಅಂತ ಆಡಿದ ಮೊದಲ ಋತು 1973-74. ಬಾಂಬೆ ಅಷ್ಟರಲ್ಲಿ ಸತತ 15 ವರ್ಷ ಟ್ರೋಫಿ ಬಿಟ್ಟುಕೊಟ್ಟಿರಲಿಲ್ಲ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ವಿಶ್ವನಾಥ್, ಬ್ರಿಜೇಶ್ ಪಟೇಲ್ ಶತಕ ಹೊಡೆದರು. ನಾಯಕ ಪ್ರಸನ್ನ ಗಾವಸ್ಕರ್‌ರನ್ನು ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಕಾಲು ಜಾರಿ ರನೌಟ್ ಆದರು. ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಬಾಂಬೆ ಹೊರಗೆ ಬಿತ್ತು. ಆಮೇಲೆ ಜೈಪುರದ ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ, ಹೊಸ ಹೆಸರಿನ ಮೊದಲ ವರ್ಷವೇ ಟ್ರೋಫಿ ಮನೆಗೆ ಬಂತು. ಭಾಷಣದಲ್ಲಿ ಎರಡು ನಿಮಿಷ ಉಳಿದರೆ ಮಗಳಿಗೆ ಇದನ್ನೂ ಸೇರಿಸಿಕೊಡಿ.