ಫಾರ್ಮ್‌ನಲ್ಲಿ ನಿಜ ಬರೆದರೆ ಹಲ್ಲು ತುಂಬುವುದಿಲ್ಲವೇ?

1994ರ ಸೆಪ್ಟೆಂಬರ್ 16. ಅಮೆರಿಕದ ಮೇನ್ ರಾಜ್ಯದ ಬ್ಯಾಂಗರ್ ಊರು. ಸಿಡ್ನಿ ಅಬಾಟ್ ಎಂಬ ಮಹಿಳೆ ಹಲ್ಲಿನ ಡಾಕ್ಟರ್ ಬ್ರಾಗ್ಡನ್ ಅವರ ಕ್ಲಿನಿಕ್‌ಗೆ ಹೋದರು. ಅಲ್ಲಿ ಕೊಟ್ಟ ಫಾರ್ಮ್‌ನಲ್ಲಿ ತಮಗೆ ಎಚ್‌ಐವಿ ಇದೆ ಎಂದು ಬರೆದರು. ಡಾಕ್ಟರ್ ಬಾಯಿ ನೋಡಿದರು. ಒಂದು ಹಲ್ಲು ಹುಳುಕಾಗಿತ್ತು. ಎಚ್‌ಐವಿ ಇರುವವರ ಹಲ್ಲನ್ನು ಇಲ್ಲಿ ತುಂಬಲ್ಲ, ಬೇಕಿದ್ದರೆ ಆಸ್ಪತ್ರೆಯಲ್ಲಿ ತುಂಬುತ್ತೇನೆ ಎಂದರು. ಡಾಕ್ಟರ ಫೀಸು ಹೆಚ್ಚಾಗುವುದಿಲ್ಲ, ಆದರೆ ಆಸ್ಪತ್ರೆಯ ಖರ್ಚು ಅಬಾಟ್ ಕೊಡಬೇಕು. ಅಬಾಟ್ ಒಪ್ಪಲಿಲ್ಲ, ಕೋರ್ಟಿಗೆ ಹೋದರು.

ಹಲ್ಲಿನ ಕ್ಲಿನಿಕ್‌ನಲ್ಲಿ ಎಚ್‌ಐವಿ ಹರಡೀತೆಂಬ ಭಯ ಸುಮ್ನೆ ಹುಟ್ಟಿದ್ದಲ್ಲ. 1990ರಲ್ಲಿ ಫ್ಲೋರಿಡಾದ ಒಬ್ಬ ದಂತವೈದ್ಯರಿಂದ ರೋಗಿಗೆ ಎಚ್‌ಐವಿ ಬಂದಿರಬಹುದು ಎಂಬ ವರದಿ ಹೊರಬಿತ್ತು. ಆ ರೋಗಿ ಕಿಂಬರ್ಲಿ ಬರ್ಗಾಲಿಸ್. 1991ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ಆಕೆಗೆ ಬರೀ 23 ವರ್ಷ. ದೇಶವೇ ಬೆಚ್ಚಿತು. ಆದರೆ ಅಲ್ಲಿ ಸೋಂಕು ಹೋದದ್ದು ಡಾಕ್ಟರಿಂದ ರೋಗಿಗೆ. ಅದರ ಶಿಕ್ಷೆ ಉಳಿದ ರೋಗಿಗಳಿಗೆ ಬಿತ್ತು ಅನಿಸುತ್ತದೆ ನನಗೆ.

ಇನ್ನೂ ಬೇಸರದ ಮಾತೆಂದರೆ, ದಾರಿ ಆಗಲೇ ಗೊತ್ತಿತ್ತು. 1987ರಲ್ಲೇ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿತ್ತು: ಯಾವ ರೋಗಿ ಬಂದರೂ ಅವರ ರಕ್ತದಲ್ಲಿ ಸೋಂಕಿದೆ ಎಂದೇ ತಿಳಿದು ಕೆಲಸ ಮಾಡಿ. ಗ್ಲೌಸ್, ಮಾಸ್ಕ್, ಕನ್ನಡಕ, ಉಪಕರಣಗಳ ಸ್ಟೆರಿಲೈಸೇಷನ್, ಎಲ್ಲವೂ ಎಲ್ಲರಿಗೂ ಒಂದೇ. ಯಾಕೆಂದರೆ ಎಷ್ಟೋ ಜನರಿಗೆ ತಮಗೆ ಸೋಂಕಿರುವುದೇ ಗೊತ್ತಿರುವುದಿಲ್ಲ. ಕುರ್ಚಿಯಲ್ಲಿ ಕೂತವರಲ್ಲಿ ಯಾರಿಗಿದೆ ಎಂದು ಮುಖ ನೋಡಿ ಹೇಳಕ್ಕಾಗುತ್ತಾ? ನಿಜ ಹೇಳಿದವರನ್ನು ವಾಪಸ್ ಕಳಿಸಿದರೆ, ಮುಂದಿನವರು ಹೇಳುವುದೇ ಇಲ್ಲ.

ಸೋಂಕಿರುವ ರಕ್ತದ ಸೂಜಿ ಚುಚ್ಚಿದರೂ ಎಚ್‌ಐವಿ ಬರುವ ಸಾಧ್ಯತೆ ಸುಮಾರು ಶೇ. 0.3. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಳ್ಳದವರಿಗೆ ಆ ಕಾಯಿಲೆ ಹರಡುವ ಅಪಾಯ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಎಚ್‌ಐವಿ ಬಾರದಂತೆ ತಡೆಯಲು, ಚುಚ್ಚಿದ 72 ಗಂಟೆಯೊಳಗೆ, ಆದಷ್ಟು ಬೇಗ ಶುರುಮಾಡಿ 28 ದಿನ ತೆಗೆದುಕೊಳ್ಳುವ ಮಾತ್ರೆಗಳೂ ಇವೆ.

ಅಬಾಟ್ ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1998ರ ಜೂನ್‌ನಲ್ಲಿ ತೀರ್ಪು ಬಂತು, 5-4. ಕಾಯಿಲೆಯ ಲಕ್ಷಣ ಕಾಣಿಸದಿದ್ದರೂ ಎಚ್‌ಐವಿ ಇರುವವರಿಗೆ ಅಂಗವಿಕಲರ ಹಕ್ಕಿನ ಕಾನೂನಿನ ರಕ್ಷಣೆ ಉಂಟು ಎಂದಿತು ಕೋರ್ಟು. ಡಾಕ್ಟರಿಗೆ ನಿಜಕ್ಕೂ ಅಪಾಯವಿತ್ತೇ ಎಂಬುದನ್ನು ಮತ್ತೆ ನೋಡಲು ಕೆಳಗಿನ ಕೋರ್ಟಿಗೆ ಕಳಿಸಿತು. ಅಲ್ಲೂ ಗೆದ್ದವರು ಅಬಾಟ್.

ನಮ್ಮಲ್ಲಿ ಮೊದಲ ಸೋಂಕು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ. ಎಚ್‌ಐವಿ ಇರುವವರ ರಕ್ಷಣೆಗೆ ಕಾನೂನು ಬರಲು 2017 ಆಯಿತು, ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಎಚ್‌ಐವಿ ಇದೆ ಎಂದು ಚಿಕಿತ್ಸೆ ನಿರಾಕರಿಸುವಂತಿಲ್ಲ, ಚಿಕಿತ್ಸೆ ಬೇಕಾದರೆ ಮೊದಲು ಟೆಸ್ಟ್ ಮಾಡಿಸಿ ಎನ್ನುವಂತೆಯೂ ಇಲ್ಲ. ಡಾಕ್ಟರ್, ಸಹಾಯಕರ ಸುರಕ್ಷತೆಗೆ ಬೇಕಾದ ಸಾಮಗ್ರಿ ಒದಗಿಸಬೇಕೆಂದೂ ಅದರಲ್ಲಿದೆ. ಆದರೆ ನಿರಾಕರಣೆ ಯಾವಾಗಲೂ ನೇರವಾಗಿ ಬರುವುದಿಲ್ಲ. "ದೊಡ್ಡಾಸ್ಪತ್ರೆಗೆ ಹೋಗಿ" ಅಂದರೂ ಸಾಕು, ಅಲ್ವಾ?

ಅಸಲಿಗೆ ಆ ಫಾರ್ಮ್‌ನಲ್ಲಿ ಕೇಳುವುದೇ ರೋಗಿಯ ಸಲುವಾಗಿ. ನಾಲಿಗೆ ಮೇಲಿನ ಬಿಳಿ ಪದರ ಯಾಕೆ ಬಂತೆಂದು ತಿಳಿಯಬೇಕು. ಕೆಲವು ಎಚ್‌ಐವಿ ಮಾತ್ರೆಗಳ ಜೊತೆ ಕೊಡಬಾರದ ಔಷಧಿಗಳಿವೆ, ಅದನ್ನೂ ನೋಡಬೇಕು.